ಅನುಮತಿಯೂ ಸಾಮರ್ಥ್ಯವೂ

ಕೂಳೂರಿನಲ್ಲಿ, ಫಲ್ಗುಣಿ ನದಿಯ ದಡಕ್ಕೆ ಸಮೀಪವಾದ ಮನೆಯೊಂದರ ಚಾವಡಿಯಲ್ಲಿ, ಪಣಂಬೂರಿನ ಬಂದರಿಗೆ ಹೋಗಿಬರುವ ಲಾರಿಗಳ ಸದ್ದು ಹೆದ್ದಾರಿಯ ಕಡೆಯಿಂದ ಎಡೆಬಿಡದೆ ಕೇಳಿಸುತ್ತಿದ್ದ ಒಂದು ಮಧ್ಯಾಹ್ನ ನಡೆದ ಸಂವಾದವಿದು. ಹಿರಿಯರು ಜಿಲ್ಲೆಯ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಬಹುಕಾಲ ಮೈಕ್ರೋಪ್ರೊಸೆಸರ್ ಪ್ರಯೋಗಶಾಲೆಯನ್ನು ನಡೆಸಿ ನಿವೃತ್ತರಾದವರು. ಕಿರಿಯಳು ಅವರ ತಮ್ಮನ ಮಗಳು, ಬೆಂಗಳೂರಿನಲ್ಲಿ ರೂಟರುಗಳ ತಂತ್ರಾಂಶವನ್ನು ಬರೆಯುವ ಉದ್ಯೋಗದಲ್ಲಿರುವವಳು.

ಕಿರಿಯಳು: ದೊಡ್ಡಪ್ಪ, ಮನೆಗಳಲ್ಲಿರುವ ವೈಫೈ ಪೆಟ್ಟಿಗೆಗಳಲ್ಲಿ ಅನೇಕವು ಇಂದಿಗೂ ಮಿಪ್ಸ್ ವಂಶದ ಪ್ರೊಸೆಸರುಗಳಿಂದಲೇ ನಡೆಯುತ್ತಿವೆಯಷ್ಟೆ. ಅಂಥದೊಂದು ಪೆಟ್ಟಿಗೆಯಲ್ಲಿರುವ ಹಳೆಯ ಲಿನಕ್ಸ್ ಕರ್ನೆಲ್ಲನ್ನು ಓದುತ್ತಿದ್ದೇನೆ. ಅಸೆಂಬ್ಲಿಯಲ್ಲಿ ಬರೆದ ನಾಲ್ಕಾರು ಸಾಲುಗಳ ಮೊದಲಿಗೆ ‘.ಸೆಟ್ ಮಿಪ್ಸ್3’ ಎಂದೂ, ಆ ಸಾಲುಗಳು ಮುಗಿದೊಡನೆ ‘.ಸೆಟ್ ಮಿಪ್ಸ್0’ ಎಂದೂ ಅಲ್ಲಿ ಬರೆದಿದ್ದಾರೆ. ಮೊದಲನೆಯ ಮಾತಿನಿಂದ ಪ್ರೊಸೆಸರು ಮೂರನೆಯ ಮಟ್ಟಕ್ಕೆ ಏರಿ, ಎರಡನೆಯದರಿಂದ ಕೆಳಗಿಳಿಯುತ್ತದೆಯೆ?

ಹಿರಿಯರು: ಇಲ್ಲ ಮಗಳೇ, ಆ ಎರಡು ಸಾಲುಗಳು ಇದ್ದವೆಂಬುದೇ ಪ್ರೊಸೆಸರಿಗೆ ತಿಳಿಯದು. ಅವು ಅಸೆಂಬ್ಲರಿಗೆ ಹೇಳಿದ ಮಾತುಗಳು. ನಾವು ಬರೆದ ಆಜ್ಞೆಗಳನ್ನು ಬೈಟುಗಳಾಗಿ ಪರಿವರ್ತಿಸುವ ಆ ತಂತ್ರಾಂಶವು, ಯಾವ ಮಟ್ಟದ ಆಜ್ಞೆಗಳನ್ನು ಒಪ್ಪಬೇಕು, ಯಾವುದನ್ನು ತಪ್ಪೆಂದು ತಿರಸ್ಕರಿಸಬೇಕು ಎಂಬ ನಿಯಮವನ್ನು ತನ್ನೊಳಗೆ ಇಟ್ಟುಕೊಂಡಿರುತ್ತದೆ. ಡೈರೆಕ್ಟಿವ್ ಎಂದು ಕರೆಯುವ ಈ ಸಾಲುಗಳು ಆ ನಿಯಮವನ್ನು ಮಾತ್ರ ಬದಲಾಯಿಸುತ್ತವೆ, ಮತ್ತು ಬದಲಾಯಿಸಿದ ಮೇಲೆ ಬೈಟುಗಳ ಸಾಲಿನಲ್ಲಿ ತಮ್ಮ ಗುರುತನ್ನು ಕೂಡ ಉಳಿಸದೆ ಮರೆಯಾಗುತ್ತವೆ.

ಕಿರಿಯಳು: ಯಂತ್ರದಲ್ಲಿ ಏನನ್ನೂ ಮಾಡದ ಸಾಲಿಗೆ ಇಷ್ಟು ಮಹತ್ತ್ವವೇಕೆ?

ಹಿರಿಯರು: ಅದನ್ನು ತಿಳಿಯಲು ನಮ್ಮ ಪ್ರಯೋಗಶಾಲೆಯಲ್ಲಿ ಕಾಣಸಿಗುತ್ತಿದ್ದ ಒಂದು ಉದಾಹರಣೆ ಸಾಕು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು 1998 ರಲ್ಲಿ ಸ್ಥಾಪಿತವಾದ ಬಳಿಕ, ಅದರ ಪಠ್ಯಕ್ರಮದಂತೆ ನಡೆಯುತ್ತಿದ್ದ 8086 ರ ಪ್ರಯೋಗಗಳಿಗೆ ನಾವು ಮೈಕ್ರೋಸಾಫ್ಟಿನ ಮಾಸ್ಮ್ ಅಸೆಂಬ್ಲರನ್ನು ಬಳಸುತ್ತಿದ್ದೆವು. ಬೇರೇನನ್ನೂ ಹೇಳದಿದ್ದರೆ ಆ ಅಸೆಂಬ್ಲರು, 1978 ರಲ್ಲಿ ಬಂದ 8086 ರ ಆಜ್ಞೆಗಳಿಗಷ್ಟೇ ಮನ್ನಣೆ ಕೊಡುತ್ತದೆ. ವಿದ್ಯಾರ್ಥಿಯೊಬ್ಬನು ಎಎಕ್ಸ್ ರಿಜಿಸ್ಟರಿನ ಬಿಟ್ಟುಗಳನ್ನು ಎಡಕ್ಕೆ ನಾಲ್ಕು ಸ್ಥಾನ ಸರಿಸಬೇಕೆಂದು ‘ಎಸ್‌ಎಚ್‌ಎಲ್ ಎಎಕ್ಸ್, 4’ ಎಂದು ಬರೆದನೆನ್ನು. ಅಸೆಂಬ್ಲರು ಅದನ್ನು ತಪ್ಪೆಂದು ಸಾರುತ್ತದೆ. ಏಕೆಂದರೆ 8086 ರಲ್ಲಿ ಒಂದೇ ಸ್ಥಾನ ಸರಿಸಬಹುದು, ಇಲ್ಲವೆ ಸಂಖ್ಯೆಯನ್ನು ಸಿಎಲ್ ರಿಜಿಸ್ಟರಿನಲ್ಲಿ ತುಂಬಿಟ್ಟು ಅದರಂತೆ ಸರಿಸಬಹುದು. ನಾಲ್ಕೆಂಬ ಸಂಖ್ಯೆಯನ್ನು ಆಜ್ಞೆಯಲ್ಲೇ ಬರೆಯುವ ಸೌಕರ್ಯವು 1982 ರ 80186 ರಿಂದ ಈಚೆಗೆ ಬಂದದ್ದು. ಆ ಆಜ್ಞೆಗೆ ಮೊದಲು ‘.186’ ಎಂದೋ ‘.386’ ಎಂದೋ ಬರೆದುಬಿಟ್ಟರೆ ಅದೇ ಅಸೆಂಬ್ಲರು ಮರುಮಾತಿಲ್ಲದೆ ಒಪ್ಪಿಕೊಳ್ಳುತ್ತದೆ.

ಕಿರಿಯಳು: ಪ್ರಯೋಗಶಾಲೆಯ ಕಂಪ್ಯೂಟರುಗಳಲ್ಲಿ ಇದ್ದುದು 8086 ಆಗಿರಲಾರದಷ್ಟೆ?

ಹಿರಿಯರು: ಅಲ್ಲ, ಪೆಂಟಿಯಮ್ ಮತ್ತು ಅದಕ್ಕೂ ಈಚಿನವು ಇದ್ದುವು. ಆದುದರಿಂದ ‘.386’ ಎಂದು ಬರೆದವನ ಕೆಲಸ ಸುಸೂತ್ರವಾಗಿ ಸಾಗುತ್ತಿತ್ತು, ಮತ್ತು ಆ ಒಂದು ಸಾಲೇ ಯಂತ್ರಕ್ಕೆ ಶಕ್ತಿಯನ್ನು ತಂದುಕೊಟ್ಟಿತೆಂಬ ಭಾವನೆಗೆ ಅಲ್ಲಿ ಎಡೆಯಿತ್ತು. ಶಕ್ತಿ ಮೊದಲಿನಿಂದಲೂ ಯಂತ್ರದಲ್ಲಿಯೇ ಇದ್ದಿತು. ಅದನ್ನು ಬಳಸಲು ಇದ್ದ ತಡೆಯೊಂದೇ ನಿವಾರಣೆಯಾದದ್ದು. ಈಗ ಅದೇ ಬೈಟುಗಳನ್ನು ನಿಜವಾದ 8086 ಇರುವ ಶಿಕ್ಷಣ ಕಿಟ್ಟಿನ ಮೇಲೆ ಇಟ್ಟೆವೆಂದುಕೊ. ಅಸೆಂಬ್ಲರು ಆ ಆಜ್ಞೆಯನ್ನು ‘ಸಿ1 ಇ0 04’ ಎಂಬ ಮೂರು ಬೈಟುಗಳಾಗಿ ಬರೆದಿರುತ್ತದೆ. 8086 ರ ನಿರ್ಮಾಪಕರು ಸಿ1 ಎಂಬ ಸಂಕೇತಕ್ಕೆ ಯಾವ ಅರ್ಥವನ್ನೂ ಗೊತ್ತುಮಾಡಿರಲಿಲ್ಲ. ಆದರೆ ಆ ಪ್ರೊಸೆಸರಿಗೆ ‘ಈ ಆಜ್ಞೆಯನ್ನು ನಾನರಿಯೆ’ ಎಂದು ಹೇಳುವ ವ್ಯವಸ್ಥೆಯೂ ಇರಲಿಲ್ಲ. ಅದು ಒಂದು ಬಿಟ್ಟಿನ ವ್ಯತ್ಯಾಸವನ್ನು ಗಣಿಸದೆ ಸಿ1 ನ್ನು ಸಿ3 ಎಂದೇ ಗ್ರಹಿಸುತ್ತದೆ, ಮತ್ತು ಸಿ3 ಎಂದರೆ ಕರೆದ ಸ್ಥಳಕ್ಕೆ ಹಿಂದಿರುಗು ಎಂಬ ಆಜ್ಞೆ. ಬಿಟ್ಟುಗಳನ್ನು ಸರಿಸಬೇಕಾಗಿದ್ದ ಕಾರ್ಯಭಾಗವು ನಡುವೆಯೇ ಹಿಂದಿರುಗಿಬಿಡುತ್ತದೆ. ಎಚ್ಚರಿಕೆಯಿಲ್ಲ, ತಪ್ಪಿನ ಸೂಚನೆಯಿಲ್ಲ, ಉತ್ತರ ಮಾತ್ರ ಸುಳ್ಳು.

ಕಿರಿಯಳು: ಇಂದಿನ ಪ್ರೊಸೆಸರುಗಳು ಹಾಗೆ ಮೌನವಾಗಿ ಇರುವುದಿಲ್ಲವಲ್ಲ?

ಹಿರಿಯರು: ಬಹುಮಟ್ಟಿಗೆ ಇರುವುದಿಲ್ಲ. ಇಂಟೆಲಿನಲ್ಲಿ 80186 ರಿಂದ ಮುಂದಕ್ಕೆ, ಅರ್ಥವಿಲ್ಲದ ಸಂಕೇತವು ಎದುರಾದರೆ ಆರನೆಯ ಸಂಖ್ಯೆಯ ಎಕ್ಸೆಪ್ಷನ್ ಏಳುತ್ತದೆ; ಲಿನಕ್ಸಿನಲ್ಲಿ ಅದು ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’ ಎಂಬ ಸಂದೇಶವಾಗಿ ಪ್ರಕಟವಾಗಿ ಕಾರ್ಯಕ್ರಮವು ಅಲ್ಲಿಗೇ ನಿಲ್ಲುತ್ತದೆ. ಮೌನವಾದ ಸುಳ್ಳಿಗಿಂತ ಈ ನಿಲುಗಡೆ ಎಷ್ಟೋ ಮೇಲು. ಆದರೂ ಮೂಲತತ್ತ್ವ ಒಂದೇ. ನಮ್ಮೂರಿನ ಸೇತುವೆಯ ವಿಷಯವನ್ನೇ ನೆನೆ: ಇಷ್ಟು ಟನ್ನಿನ ಲಾರಿ ದಾಟಬಹುದೆಂದು ತುದಿಯ ಹಲಗೆಯಲ್ಲಿ ಬರೆದ ಸಂಖ್ಯೆಯನ್ನು ಅಳಿಸಿ ಅದಕ್ಕಿಂತ ದೊಡ್ಡದನ್ನು ಬರೆದರೆ ಕಾವಲಿನವನು ಲಾರಿಯನ್ನು ಬಿಟ್ಟಾನು, ಕಮಾನುಗಳ ಬಲ ಮಾತ್ರ ಎಳ್ಳಷ್ಟೂ ಹೆಚ್ಚದು. ಡೈರೆಕ್ಟಿವ್ ಕೊಡುವುದು ಅನುಮತಿಯನ್ನು. ಸಾಮರ್ಥ್ಯವನ್ನು ಕೊಡುವುದು ಸಿಲಿಕಾನು. ಇವೆರಡರ ನಡುವಣ ಅಂತರಕ್ಕೆ ಹೊಣೆಯಾಗತಕ್ಕವನು ಆ ಸಾಲನ್ನು ಬರೆದವನು.

ಕಿರಿಯಳು: ಎಲ್ಲ ಡೈರೆಕ್ಟಿವ್‌ಗಳೂ ಹೀಗೆ ಅನುಮತಿಯವೇ? ಬೂಟ್‌ಲೋಡರಿನಲ್ಲಿ ‘.ಕೋಡ್16’, ‘.ಕೋಡ್32’ ಎಂಬ ಸಾಲುಗಳನ್ನು ಕಂಡಿದ್ದೇನೆ.

ಹಿರಿಯರು: ಅವು ಬೇರೆಯೇ ಒಂದು ವರ್ಗ, ಮತ್ತು ಈ ಭೇದವನ್ನು ಸ್ಪಷ್ಟವಾಗಿ ತಿಳಿಯತಕ್ಕದ್ದು. ಮಟ್ಟವನ್ನು ಏರಿಸಿದಾಗ ಮೊದಲಿದ್ದ ಆಜ್ಞೆಗಳ ಬೈಟುಗಳು ಸಾಮಾನ್ಯವಾಗಿ ಹಾಗೆಯೇ ಉಳಿದು, ಹೊಸವು ಅವುಗಳೊಡನೆ ಸೇರುತ್ತವೆ, ‘.ಕೋಡ್16’ ಮತ್ತು ‘.ಕೋಡ್32’ ಗಳಲ್ಲಿಯೋ ಅದೇ ಬೈಟುಗಳ ಅರ್ಥವೇ ಬೇರೆಯಾಗುತ್ತದೆ. ‘ಬಿ8 34 12 00 00’ ಎಂಬ ಐದು ಬೈಟುಗಳನ್ನು ತೆಗೆದುಕೊ. 32 ಬಿಟ್ಟಿನ ವಿಧಾನದಲ್ಲಿ ಅದು ಒಂದೇ ಆಜ್ಞೆ: ಇಎಎಕ್ಸ್ ರಿಜಿಸ್ಟರಿನಲ್ಲಿ ಹದಿನಾರರ ಪದ್ಧತಿಯ 1234 ಎಂಬ ಸಂಖ್ಯೆಯನ್ನು ಇಡು. 16 ಬಿಟ್ಟಿನ ವಿಧಾನದಲ್ಲಿ ಮೊದಲ ಮೂರು ಬೈಟುಗಳಿಗೇ ಆ ಆಜ್ಞೆ ಮುಗಿದು, ಉಳಿದ ಎರಡು ಸೊನ್ನೆಯ ಬೈಟುಗಳು ಮತ್ತೊಂದು ಆಜ್ಞೆಯಾಗಿ ಓದಲ್ಪಡುತ್ತವೆ: ಬಿಎಕ್ಸ್ ಮತ್ತು ಎಸ್‌ಐ ಸೇರಿ ಸೂಚಿಸುವ ಸ್ಮೃತಿಸ್ಥಾನಕ್ಕೆ ಎಎಲ್ ಅನ್ನು ಕೂಡು. ಯಾರೂ ಬರೆಯದ ಒಂದು ಆಜ್ಞೆ ಹೀಗೆ ತಾನಾಗಿ ಹುಟ್ಟಿ, ಎಲ್ಲಿಯದೋ ಒಂದು ದತ್ತಾಂಶವನ್ನು ಕೆಡಿಸುತ್ತದೆ. ಅಲ್ಲಿಯೂ ‘.ಕೋಡ್32’ ಎಂದು ಬರೆದ ಮಾತ್ರಕ್ಕೆ ಪ್ರೊಸೆಸರು ವಿಧಾನವನ್ನು ಬದಲಾಯಿಸುವುದಿಲ್ಲ. ಸಿಆರ್0 ಎಂಬ ನಿಯಂತ್ರಣ ರಿಜಿಸ್ಟರಿನ ಕೊನೆಯ ಬಿಟ್ಟನ್ನು ಏರಿಸಿ, 32 ಬಿಟ್ಟಿನ ಸೆಗ್‌ಮೆಂಟಿಗೆ ದೂರದ ಜಿಗಿತವೊಂದನ್ನು ಮಾಡಿಸಿದ ಬಳಿಕವೇ ಆ ಬದಲಾವಣೆ ಸಂಭವಿಸುತ್ತದೆ. ಅಸೆಂಬ್ಲರಿಗೆ ಹೇಳಿದ ಸಾಲು ಆ ಜಿಗಿತದ ಗುರಿ ಎಲ್ಲಿದೆಯೋ ಸರಿಯಾಗಿ ಅಲ್ಲಿಯೇ ಇರಬೇಕು.

ಕಿರಿಯಳು: ನಾವು ಕಾಲೇಜಿನಲ್ಲಿ ಎಲ್‌ಪಿಸಿ2148 ಬೋರ್ಡಿನ ಮೇಲೆ ಕಲಿತ ಆರ್ಮ್7 ರಲ್ಲಿಯೂ ಹೀಗೆಯೇ ಇದ್ದಿತು: 32 ಬಿಟ್ಟಿನ ಆರ್ಮ್ ಆಜ್ಞೆಗಳಿಂದ 16 ಬಿಟ್ಟಿನ ಥಂಬ್ ಆಜ್ಞೆಗಳಿಗೆ ಹೋಗಲು ಬಿಎಕ್ಸ್ ಆಜ್ಞೆಯನ್ನು ಕೊಟ್ಟು, ಗುರಿಯ ವಿಳಾಸದ ಕೊನೆಯ ಬಿಟ್ಟನ್ನು ಒಂದಾಗಿ ಇಡಬೇಕಾಗಿತ್ತು. ಈ ವರ್ಗ ನನಗೆ ತಿಳಿಯಿತು. ಇನ್ನು ನನ್ನ ಮಿಪ್ಸಿನ ಸಾಲಿಗೆ ಬನ್ನಿ. ಕರ್ನೆಲ್ಲಿನವರು ನಾಲ್ಕೇ ಸಾಲುಗಳಿಗಾಗಿ ಮಟ್ಟವನ್ನು ಏರಿಸಿ ಇಳಿಸಿದ್ದು ಏತಕ್ಕೆ? ಇಡಿಯ ಕರ್ನೆಲ್ಲನ್ನೇ ಮೂರನೆಯ ಮಟ್ಟದಲ್ಲಿ ಸಿದ್ಧಪಡಿಸಬಹುದಾಗಿತ್ತಲ್ಲವೆ?

ಹಿರಿಯರು: ಆ ಪ್ರಶ್ನೆಗೆ ಉತ್ತರ ಮಿಪ್ಸಿನ ಇತಿಹಾಸದಲ್ಲಿದೆ. 1980 ರ ದಶಕದ ನಡುವೆ ಬಂದ ಆರ್2000 ಮತ್ತು ಅದರ ಅನುಜವಾದ ಆರ್3000 ಮೊದಲನೆಯ ಮಟ್ಟದವು. 1991 ರಲ್ಲಿ ಬಂದ 64 ಬಿಟ್ಟಿನ ಆರ್4000 ಮೂರನೆಯ ಮಟ್ಟದ್ದು. ಈ ನಡುವೆ, ಎರಡನೆಯ ಮಟ್ಟದಲ್ಲಿ, ಎಲ್‌ಎಲ್ ಮತ್ತು ಎಸ್‌ಸಿ ಎಂಬ ಎರಡು ಆಜ್ಞೆಗಳು ಸೇರಿಕೊಂಡುವು. ಒಂದು ಎಣಿಕೆಯನ್ನು ಒಂದರಿಂದ ಹೆಚ್ಚಿಸಬೇಕೆಂದರೆ ಅದನ್ನು ಸ್ಮೃತಿಯಿಂದ ಓದಿ, ಕೂಡಿಸಿ, ಮರಳಿ ಬರೆಯಬೇಕಷ್ಟೆ. ಓದಿಗೂ ಬರೆಹಕ್ಕೂ ನಡುವೆ ಮತ್ತೊಬ್ಬರು ಅದೇ ಎಣಿಕೆಯನ್ನು ಮುಟ್ಟಿದರೆ ಒಬ್ಬರ ಕೂಡಿಕೆ ಕಳೆದುಹೋಗುತ್ತದೆ. ಎಲ್‌ಎಲ್ ಆಜ್ಞೆಯು ಓದುವಾಗಲೇ ಆ ಸ್ಥಾನದ ಮೇಲೆ ನಿಗಾ ಇಡುತ್ತದೆ. ಎಸ್‌ಸಿ ಆಜ್ಞೆಯು ನಡುವೆ ಯಾರೂ ಕೈಹಾಕದಿದ್ದರೆ ಮಾತ್ರ ಬರೆದು, ಸಫಲವಾದರೆ ಒಂದು, ವಿಫಲವಾದರೆ ಸೊನ್ನೆ ಎಂದು ತಿಳಿಸುತ್ತದೆ. ಸೊನ್ನೆ ಬಂದರೆ ಮೊದಲಿನಿಂದ ಪ್ರಯತ್ನಿಸಬೇಕು. ಆರ್3000 ದಂಥ ಯಂತ್ರದಲ್ಲಿ ಈ ಜೋಡಿಯೇ ಇಲ್ಲ. ಆದುದರಿಂದ ಕರ್ನೆಲ್ಲು ಮೊದಲು ‘ಈ ಪ್ರೊಸೆಸರಿನಲ್ಲಿ ಎಲ್‌ಎಲ್–ಎಸ್‌ಸಿ ಉಂಟೇ’ ಎಂದು ವಿಚಾರಿಸುತ್ತದೆ. ಉಂಟಾದರೆ ಆ ನಾಲ್ಕು ಸಾಲುಗಳು, ಇಲ್ಲವಾದರೆ ಇಂಟರಪ್ಟುಗಳನ್ನು ಕ್ಷಣಕಾಲ ತಡೆದು ಸಾಧಾರಣ ರೀತಿಯಲ್ಲಿ ಕೂಡಿಸುವ ಇನ್ನೊಂದು ದಾರಿ. ಎರಡು ದಾರಿಗಳೂ ಒಂದೇ ಕಡತದಲ್ಲಿ ಇರಬೇಕಾದುದರಿಂದ, ಕೆಳಮಟ್ಟದಲ್ಲಿ ಸಿದ್ಧವಾಗುತ್ತಿರುವ ಆ ಕಡತದ ನಡುವೆ ಮೇಲ್ಮಟ್ಟದ ಆಜ್ಞೆಗಳಿಗೆ ತಾತ್ಕಾಲಿಕವಾದ ಅನುಮತಿ ಅವಶ್ಯವಾಯಿತು.

ಕಿರಿಯಳು: ಅಂದರೆ ಅನುಮತಿಗೆ ಮೊದಲು ವಿಚಾರಣೆ ನಡೆದಿದೆ. ಹಾಗಾದರೆ ಆ ಅನುಮತಿಯನ್ನು ಕಡತದ ಕೊನೆಯವರೆಗೂ ಹಾಗೆಯೇ ಬಿಟ್ಟರೆ ತಾನೆ ಏನು ಕೇಡು?

ಹಿರಿಯರು: ಎರಡು ಕೇಡುಗಳುಂಟು. ಒಂದನೆಯದು, ವಿಚಾರಣೆಯ ರಕ್ಷಣೆಯಿಲ್ಲದ ಬೇರೆಡೆಯಲ್ಲಿ ಯಾರಾದರೂ ಮೇಲ್ಮಟ್ಟದ ಆಜ್ಞೆಯೊಂದನ್ನು ಬರೆದರೆ ಅಸೆಂಬ್ಲರು ಎಚ್ಚರಿಸುವುದಿಲ್ಲ. ನಮ್ಮ ಪರವಾಗಿ ಕಾವಲಿದ್ದ ತಪ್ಪಿನ ಸಂದೇಶವನ್ನು ನಾವೇ ಅಡಗಿಸಿದಂತಾಗುತ್ತದೆ. ಎರಡನೆಯದು ಇನ್ನೂ ಸೂಕ್ಷ್ಮವಾದುದು. ಮಿಪ್ಸ್ ಅಸೆಂಬ್ಲಿಯಲ್ಲಿ ನಾವು ಬರೆಯುವ ಕೆಲವು ಆಜ್ಞೆಗಳು ವಾಸ್ತವದಲ್ಲಿ ಮ್ಯಾಕ್ರೋಗಳು. ಅವನ್ನು ಯಾವ ಆಜ್ಞೆಗಳಾಗಿ ಬಿಡಿಸಬೇಕೆಂಬುದನ್ನು ಅಸೆಂಬ್ಲರು ಮಟ್ಟವನ್ನು ನೋಡಿ ನಿರ್ಣಯಿಸುತ್ತದೆ. ಮೊದಲನೆಯ ಮಟ್ಟದಲ್ಲಿ ‘ಎಲ್‌ಡಿ’ ಎಂದು ಬರೆದರೆ ಅದು 32 ಬಿಟ್ಟಿನ ಎರಡು ಓದುಗಳಾಗಿ, ಅಕ್ಕಪಕ್ಕದ ಎರಡು ರಿಜಿಸ್ಟರುಗಳನ್ನು ತುಂಬುತ್ತದೆ. ಮೂರನೆಯ ಮಟ್ಟದಲ್ಲಿ ಅದೇ ಎರಡಕ್ಷರವು ಒಂದೇ ರಿಜಿಸ್ಟರಿಗೆ 64 ಬಿಟ್ಟುಗಳನ್ನು ತರುವ ಒಂದೇ ಆಜ್ಞೆಯಾಗುತ್ತದೆ. ಎಲ್ಲೋ ಮೇಲೆ ಬರೆದ ಒಂದು ಡೈರೆಕ್ಟಿವಿನಿಂದ, ಅದನ್ನು ಕಾಣದೆ ಕೆಳಗೆ ಬರೆದವನ ಸಾಲಿನ ಅರ್ಥವು ಅವನಿಗರಿವಿಲ್ಲದೆಯೇ ಬದಲಾಗಿಬಿಡುತ್ತದೆ. ಈ ಡೈರೆಕ್ಟಿವನ್ನು ಜಾಗ್ರತೆಯಿಂದ ಬಳಸಬೇಕೆಂದು ಗ್ನೂ ಅಸೆಂಬ್ಲರಿನ ಕೈಪಿಡಿಯೇ ಎಚ್ಚರಿಸುತ್ತದೆ.

ಕಿರಿಯಳು: ಅದಕ್ಕಾಗಿಯೇ ಕೊನೆಯಲ್ಲಿ ‘ಮಿಪ್ಸ್0’. ಆ ಸೊನ್ನೆ ಯಾವ ಮಟ್ಟ?

ಹಿರಿಯರು: ಅದು ಯಾವ ಮಟ್ಟದ ಹೆಸರೂ ಅಲ್ಲ. ಅಸೆಂಬ್ಲರನ್ನು ಆರಂಭಿಸುವಾಗ ಆಜ್ಞಾಸಾಲಿನಲ್ಲಿ ಯಾವ ಮಟ್ಟವನ್ನು ಹೇಳಿದ್ದೆವೋ, ಹೇಳದಿದ್ದರೆ ಅದರ ಸಹಜವಾದ ಮಟ್ಟ ಯಾವುದೋ, ಅದಕ್ಕೆ ಹಿಂದಿರುಗು ಎಂದರ್ಥ. ಇಲ್ಲಿ ಒಂದು ಕೊರತೆಯಿದೆ. ನಿನ್ನ ನಾಲ್ಕು ಸಾಲುಗಳು ಒಂದು ಮ್ಯಾಕ್ರೋ ಆಗಿದ್ದು, ಮತ್ತೊಬ್ಬರು ತಮ್ಮ ಕಾರಣಕ್ಕಾಗಿ ಆಗಲೇ ಮಟ್ಟವನ್ನು ಏರಿಸಿಕೊಂಡು ಅದರ ನಡುವೆ ನಿನ್ನ ಮ್ಯಾಕ್ರೋವನ್ನು ಕರೆದರೆನ್ನು. ನಿನ್ನ ‘ಮಿಪ್ಸ್0’ ಅವರು ಏರಿಸಿದ್ದನ್ನು ಕೂಡ ಅಳಿಸಿ ಮೂಲಕ್ಕೇ ಇಳಿಸುತ್ತದೆ. ಮುಂದಿನ ಅವರ ಸಾಲುಗಳು ಅಕಾರಣವಾಗಿ ತಿರಸ್ಕೃತವಾಗುತ್ತವೆ, ಇಲ್ಲವೆ ಬೇರೊಂದು ಅರ್ಥದಲ್ಲಿ ಬಿಡಿಸಲ್ಪಡುತ್ತವೆ. ಇದಕ್ಕೆ ಪರಿಹಾರವಾಗಿ ‘.ಸೆಟ್ ಪುಶ್’ ಮತ್ತು ‘.ಸೆಟ್ ಪಾಪ್’ ಎಂಬ ಜೋಡಿಯಿದೆ. ಪುಶ್ ಎಂದಾಗ ಅಸೆಂಬ್ಲರು ಆ ಗಳಿಗೆಯಲ್ಲಿದ್ದ ಸಮಸ್ತ ಸ್ಥಿತಿಯನ್ನೂ ತೆಗೆದಿರಿಸಿಕೊಳ್ಳುತ್ತದೆ. ಪಾಪ್ ಎಂದಾಗ, ಅದು ಏನಾಗಿತ್ತೆಂದು ನೀನು ತಿಳಿಯದಿದ್ದರೂ, ಅದನ್ನೇ ಮರಳಿ ಕೊಡುತ್ತದೆ. ಲಿನಕ್ಸ್ ಕರ್ನೆಲ್ಲಿನ ಮಿಪ್ಸ್ ಭಾಗದಲ್ಲಿ ಎರಡು ರೂಢಿಗಳೂ ಬೆರೆತಿದ್ದುವು. ಮಿಪ್ಸ್ ಕುಲದ್ದೇ ಆದ ನ್ಯಾನೋಮಿಪ್ಸಿನ ಅಸೆಂಬ್ಲರು ‘ಮಿಪ್ಸ್0’ ಎಂಬುದನ್ನು ಒಪ್ಪದ ಕಾರಣ, 2018 ರಲ್ಲಿ ಹಳೆಯ ರೂಢಿಯನ್ನು ತೆಗೆದು ಪುಶ್–ಪಾಪ್‌ಗಳನ್ನು ಇರಿಸಿದರು. ನಿನ್ನ ಕೈಯಲ್ಲಿರುವುದು ಅದಕ್ಕೂ ಹಿಂದಿನ ಪ್ರತಿಯಿರಬೇಕು.

ಕಿರಿಯಳು: ‘ನಾನು ಊಹಿಸಿದ ಸ್ಥಿತಿಗೆ ಮರಳಿಸು’ ಎಂಬುದಕ್ಕೂ ‘ನಾನು ಬಂದಾಗ ಇದ್ದ ಸ್ಥಿತಿಗೆ ಮರಳಿಸು’ ಎಂಬುದಕ್ಕೂ ಇರುವ ಅಂತರ ಅದು. ಇದು ಮಿಪ್ಸಿಗೆ ಮಾತ್ರ ಸೀಮಿತವೋ?

ಹಿರಿಯರು: ರಿಸ್ಕ್–ಫೈವಿನಲ್ಲಿಯೂ ಇದೇ ನಡೆ ಇದೆ. 2010 ರಲ್ಲಿ ಬರ್ಕ್ಲಿಯಲ್ಲಿ ಆರಂಭವಾದ ಈ ಮುಕ್ತ ಆಜ್ಞಾಸಮೂಹವನ್ನೇ ಆಧರಿಸಿ ಮದರಾಸಿನ ಐಐಟಿಯಲ್ಲಿ ‘ಶಕ್ತಿ’ಯೂ, ತಿರುವನಂತಪುರದ ಸಿ–ಡ್ಯಾಕ್‌ನಲ್ಲಿ ‘ವೇಗ’ವೂ ರೂಪುಗೊಂಡುವು. ಅದರಲ್ಲಿ ಒಂದರ ಮೇಲೊಂದಾದ ಮಟ್ಟಗಳಿಗಿಂತ ಬಿಡಿಬಿಡಿಯಾದ ವಿಸ್ತರಣಗಳೇ ಪ್ರಧಾನ: ಗುಣಾಕಾರ ಭಾಗಾಕಾರಗಳಿಗೆ ಎಂ, 16 ಬಿಟ್ಟಿನ ಕಿರಿದಾದ ಆಜ್ಞೆಗಳಿಗೆ ಸಿ, ವೆಕ್ಟರುಗಳಿಗೆ ವಿ. ‘.ಆಪ್ಷನ್ ಪುಶ್’ ಎಂದು ಸ್ಥಿತಿಯನ್ನು ಕಾದಿರಿಸಿ, ‘.ಆಪ್ಷನ್ ಆರ್ಚ್, +ವಿ’ ಎಂದು ವೆಕ್ಟರ್ ಆಜ್ಞೆಗಳಿಗೆ ಅನುಮತಿ ಪಡೆದು, ಕೆಲಸವಾದೊಡನೆ ‘.ಆಪ್ಷನ್ ಪಾಪ್’ ಎಂದು ಹಿಂದಿರುಗಬೇಕು. ಇದಕ್ಕೆ ಪ್ರತಿಯಾದ ನಡತೆಯೂ ಒಂದುಂಟು. ಸ್ಪಾರ್ಕ್ ಪ್ರೊಸೆಸರಿಗಾಗಿ ಇರುವ ಗ್ನೂ ಅಸೆಂಬ್ಲರು ತಳಮಟ್ಟದಿಂದ ಹೊರಟು, ಮೇಲ್ಮಟ್ಟದ ಆಜ್ಞೆಯೊಂದು ಎದುರಾದಂತೆಲ್ಲ, ಯಾರೂ ಹೇಳದೆಯೇ ತಾನೇ ಒಂದೊಂದು ಮೆಟ್ಟಿಲನ್ನು ಏರುತ್ತದೆ. ಏರಿದಾಗಲೆಲ್ಲ ತಿಳಿಸಬೇಕಾದರೆ ‘ಬಂಪ್’ ಎಂಬ ಆಯ್ಕೆಯನ್ನು ನಾವು ಕೊಡಬೇಕು. ಇಸ್ರೋ ಸಂಸ್ಥೆಯು 2025 ರಲ್ಲಿ ಪ್ರಕಟಿಸಿದ ‘ಕಲ್ಪನಾ 3201’ ಪ್ರೊಸೆಸರು ಸ್ಪಾರ್ಕಿನ ಎಂಟನೆಯ ಆವೃತ್ತಿಯನ್ನು ಅನುಸರಿಸುವಂಥದು. ರಾಕೆಟ್ಟಿನಲ್ಲಿ ಹಾರುವ ಯಂತ್ರದ ವಿಷಯದಲ್ಲಿ ಮಟ್ಟವು ಯಾವಾಗ ಏರಿತೆಂಬುದನ್ನು ಬರೆಯುವವನು ತಿಳಿದೇ ಇರಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಕಿರಿಯಳು: ಆದರೆ ದೊಡ್ಡಪ್ಪ, ಒಂದು ಆಕ್ಷೇಪವಿದೆ. ಹಳೆಯ ಯಂತ್ರಗಳನ್ನು ಬಿಟ್ಟುಬಿಟ್ಟರೆ ಈ ತೊಡಕೇ ಇರುವುದಿಲ್ಲವಷ್ಟೆ. ಎಕ್ಸ್86–64 ರಲ್ಲಿ ಈಗ ವಿ2, ವಿ3 ಎಂದು ಮಟ್ಟಗಳನ್ನು ಗೊತ್ತುಮಾಡಿದ್ದಾರೆ. ರೆಡ್ ಹ್ಯಾಟಿನ ಒಂಬತ್ತನೆಯ ಆವೃತ್ತಿ ವಿ2 ನ್ನೂ ಹತ್ತನೆಯದು ವಿ3 ನ್ನೂ ಕಡ್ಡಾಯಮಾಡಿವೆ. ತಳಮಟ್ಟವನ್ನೇ ಎತ್ತರಿಸಿದ ಮೇಲೆ ಏರಿಳಿತದ ಪ್ರಸಂಗವೆಲ್ಲಿ?

ಹಿರಿಯರು: ತಳಮಟ್ಟವು ಕಾಲಕಾಲಕ್ಕೆ ಏರಲೇಬೇಕು, ಅದರಲ್ಲಿ ವಿವಾದವಿಲ್ಲ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದವರು 1986 ರಲ್ಲಿ ‘ಫ್ಲೋಸಾಲ್ವರ್’ ಎಂಬ ಸಮಾಂತರ ಗಣಕಯಂತ್ರವನ್ನು 8086 ಮತ್ತು 8087 ಗಳಿಂದ ಕಟ್ಟಿದರು. ಮುಂದಿನ ಮಾದರಿಯಲ್ಲಿ 80386–80387 ಗಳಿಗೂ, ಅನಂತರ ಐ860 ಕ್ಕೂ ಸಾಗಿದರು. ಅಂಥವರು ತಮ್ಮ ಯಂತ್ರ ಯಾವುದೆಂದು ತಾವೇ ಅರಿತವರಾದುದರಿಂದ, ಇಡಿಯ ಕಾರ್ಯಕ್ರಮವನ್ನೇ ಅದರ ಮಟ್ಟಕ್ಕೆ ಎತ್ತರಿಸಬಹುದು. ಆದರೆ ಯಾರ ಕೈಗೆ ಸೇರುವುದೋ ತಿಳಿಯದ ತಂತ್ರಾಂಶವನ್ನು ಬರೆಯುವವನ ಸ್ಥಿತಿ ಹಾಗಲ್ಲ. ನಮ್ಮ ಜಿಲ್ಲೆಯ ಶಾಲೆಗಳಲ್ಲಿಯೂ ಸಣ್ಣ ಕಚೇರಿಗಳಲ್ಲಿಯೂ ಒಂದು ಕಂಪ್ಯೂಟರನ್ನು ಅದು ಕೆಡುವ ತನಕ ಬಳಸುವವರೇ ಹೆಚ್ಚು. ಅವರ ಯಂತ್ರದಲ್ಲಿ ಕಾರ್ಯಕ್ರಮವು ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’ ಎಂದು ನಿಂತುಬಿಟ್ಟರೆ, ಅದರ ಕಾರಣವನ್ನು ಅವರು ಎಂದಿಗೂ ತಿಳಿಯಲಾರರು. ಯಂತ್ರವೇ ಕೆಟ್ಟಿತೆಂದು ಅದನ್ನು ಮೂಲೆಗೆ ಸೇರಿಸುವರು. ಅಲ್ಲದೆ ತಳಮಟ್ಟ ವಿ3 ಆದರೂ ಅದಕ್ಕೂ ಮೇಲೆ ವಿ4 ಇದ್ದೇ ಇದೆ. ಮೇಲಿನದನ್ನು ಬಳಸುವ ಆಸೆ ಇರುವವರೆಗೆ, ವಿಚಾರಿಸಿ ಏರಿಸಿ ಮರಳಿಸುವ ಈ ಕ್ರಮಕ್ಕೆ ಕೊನೆಯಿಲ್ಲ.

ಕಿರಿಯಳು: ಏರಿಸಿದ್ದು ಸಿದ್ಧವಾದ ಆಬ್ಜೆಕ್ಟ್ ಕಡತದಲ್ಲಿ ದಾಖಲಾಗುತ್ತದೆಯೆ? ದಾಖಲಾದರೆ ಕೆಳಮಟ್ಟದ ಯಂತ್ರಕ್ಕೆ ಆ ಕಡತವೇ ನಿಷಿದ್ಧವಾಗಬಹುದಲ್ಲ.

ಹಿರಿಯರು: ಇದು ಅತ್ಯಂತ ಯುಕ್ತವಾದ ಪ್ರಶ್ನೆ, ಮತ್ತು ಇದರಲ್ಲಿ ಒಂದೊಂದು ಕುಲದ ರೀತಿ ಒಂದೊಂದು. ಮಿಪ್ಸಿನಲ್ಲಿ ‘.ಸೆಟ್’ ನಿಂದ ಮಾಡಿದ ಏರಿಕೆಯು ಕಡತದ ಶಿರೋಲೇಖದಲ್ಲಿ ಸೇರುವುದಿಲ್ಲ. ಇಡಿಯ ಕಡತಕ್ಕೆ ಅನ್ವಯಿಸುವ ಮಾತಿಗೆ ‘.ಮಾಡ್ಯೂಲ್’ ಎಂಬ ಬೇರೆ ಡೈರೆಕ್ಟಿವ್ ಇದೆ. ಆರ್ಮಿನಲ್ಲಿ ‘.ಆರ್ಚ್’ ಎಂದು ಬರೆದರೆ ಅದು ಕಡತದ ಲಕ್ಷಣಗಳ ಪಟ್ಟಿಯಲ್ಲಿ ನಮೂದಾಗುತ್ತದೆ, ಮತ್ತು ಅದನ್ನು ಕಂಡ ಲಿಂಕರು ಇಡಿಯ ಕಾರ್ಯಕ್ರಮಕ್ಕೇ ಆ ಮೇಲ್ಮಟ್ಟ ಬೇಕೆಂದು ಬಗೆಯುತ್ತದೆ. ಓಡುವ ವೇಳೆಯಲ್ಲಿ ವಿಚಾರಿಸಿಯೇ ಬಳಸುವ ಕಾರ್ಯಕ್ರಮಗಳಿಗಾಗಿ ಅಲ್ಲಿ ‘.ಆಬ್ಜೆಕ್ಟ್_ಆರ್ಚ್’ ಎಂಬ ಇನ್ನೊಂದನ್ನು ಇರಿಸಿದ್ದಾರೆ: ಆಜ್ಞೆಗಳಿಗೆ ಅನುಮತಿ ಮೇಲ್ಮಟ್ಟದ್ದು, ದಾಖಲೆ ಮಾತ್ರ ನಿಜವಾಗಿ ಬೇಕಾದ ಕನಿಷ್ಠ ಮಟ್ಟದ್ದು. ಅನುಮತಿ ಮತ್ತು ಆವಶ್ಯಕತೆಗಳನ್ನು ಬೇರೆಬೇರೆಯಾಗಿ ಹೇಳಲು ಬರುವ ಸಾಧನವಿದು. ವಿಚಾರಣೆಯಿಲ್ಲದೆ ಇದನ್ನು ಬಳಸಿದರೆ ಅದೇ ಕಡತವು ಸುಳ್ಳು ಸಾಕ್ಷಿಯಾಗುತ್ತದೆ.

ಕಿರಿಯಳು: ಕಡೆಗೂ ಎಲ್ಲವೂ ಆ ವಿಚಾರಣೆಯ ಮೇಲೆಯೇ ನಿಂತಿದೆ. ಆದರೆ ವಿಚಾರಣೆ ಒಂದು ಕಡೆ, ಏರಿಸಿದ ಸಾಲುಗಳು ಇನ್ನೊಂದು ಕಡೆ. ಹತ್ತು ವರ್ಷಗಳ ಬಳಿಕ ಯಾರೋ ಆ ನಾಲ್ಕು ಸಾಲುಗಳನ್ನಷ್ಟೇ ಎತ್ತಿ ಬೇರೊಂದು ಕಡತಕ್ಕೆ ಸೇರಿಸಿದರೆ ಅಸೆಂಬ್ಲರು ತಡೆಯುತ್ತದೆಯೆ?

ಹಿರಿಯರು: ತಡೆಯಲಾರದು. ತಡೆಯಬೇಡವೆಂದು ಆ ಸಾಲುಗಳೊಳಗೇ ಬರೆದಿದೆಯಲ್ಲ. ಆದುದರಿಂದ, ಏರಿಕೆಯನ್ನು ಸಾಧ್ಯವಾದಷ್ಟು ಕಡಮೆ ಸಾಲುಗಳಿಗೆ ಸೀಮಿತಗೊಳಿಸು. ಯಂತ್ರದ ವಿಚಾರಣೆಯನ್ನು ಆ ಸಾಲುಗಳ ಜೊತೆಗೇ ಒಂದೇ ಕಾರ್ಯಭಾಗದೊಳಗೆ ಇರಿಸು. ಅದು ಆಗದಿದ್ದ ಕಡೆ, ಯಾವ ಪರೀಕ್ಷೆ ನಡೆದ ಮೇಲೆ ಮಾತ್ರ ಇಲ್ಲಿಗೆ ಬರತಕ್ಕದ್ದೆಂಬುದನ್ನು ಡೈರೆಕ್ಟಿವಿನ ಪಕ್ಕದಲ್ಲಿಯೇ ಟಿಪ್ಪಣಿಯಾಗಿ ಬರೆ. ಮತ್ತು ನಿನ್ನ ಬಳಿಯಿರುವ ಯಂತ್ರಗಳಲ್ಲಿ ಅತ್ಯಂತ ಹಳೆಯದರ ಮೇಲೆ ಒಮ್ಮೆ ನಡೆಸಿ ನೋಡದೆ ಆ ಕೆಲಸ ಮುಗಿಯಿತೆಂದು ಎಣಿಸಬೇಡ. ಅಸೆಂಬ್ಲರಿನ ತಿರಸ್ಕಾರವನ್ನು ಕಂಡು ಬೇಸರಿಸುವ ವಿದ್ಯಾರ್ಥಿಗಳು ಪ್ರತಿ ವರ್ಷವೂ ಇರುತ್ತಿದ್ದರು. ಅದು ನಮ್ಮ ಬರೆಹಕ್ಕೂ ನಮಗೆ ಕಾಣದ ಒಂದು ಯಂತ್ರಕ್ಕೂ ನಡುವೆ ಇರುವ ಕಟ್ಟಕಡೆಯ ಪರಿಶೀಲನೆ. ಅದನ್ನು ಸರಿಸುವ ಅಧಿಕಾರ ನಮಗುಂಟು. ಸರಿಸಿದಷ್ಟು ಹೊತ್ತು ಆ ಪರಿಶೀಲನೆಯನ್ನು ನಾವೇ ನಡೆಸಬೇಕು.

ಕಿರಿಯಳು: ಹಾಗಾದರೆ ನನ್ನ ಮುಂದಿನ ಕೆಲಸ ಗೊತ್ತಾಯಿತು. ಆ ಹಳೆಯ ಪ್ರತಿಯಲ್ಲಿ ‘ಮಿಪ್ಸ್0’ ಇರುವ ಒಂದೊಂದು ಕಡೆಯನ್ನೂ ಹುಡುಕಿ, ಅದರ ಮೇಲೆ ವಿಚಾರಣೆ ಎಲ್ಲಿ ನಡೆದಿದೆಯೆಂದು ಮೊದಲು ಪತ್ತೆಹಚ್ಚುವೆನು. ಪುಶ್–ಪಾಪ್‌ಗಳನ್ನು ಇರಿಸುವುದು ಆಮೇಲೆ.

ಹಿರಿಯರು: ಆ ಕ್ರಮವೇ ಸರಿಯಾದುದು.